ಕಿಂಡಿಯಿಲ್ಲದ ಕಟ್ಟೆ

ಯಲಹಂಕದ ಹಳೆಯ ಪೇಟೆ ಮುಗಿದು ರೈಲ್ವೆ ಸ್ಟೇಷನ್ನಿನ ರಸ್ತೆ ತೊಡಗುವಲ್ಲಿ ಹಿಂದೆ ಒಂದು ದೊಡ್ಡ ಹುಣಸೆಮರವಿತ್ತು. ಒಂದು ಬೇಸಗೆಯ ಗಾಳಿಮಳೆಗೆ ಅದು ಉರುಳಿತು. ಬಿದ್ದ ಮರವನ್ನು ಸೀಳಿ ಸಾಗಿಸಿದ್ದಾಯಿತು, ಬುಡದ ಗುಂಡಿಯನ್ನು ಮುಚ್ಚಿದ್ದಾಯಿತು. ಆದರೆ ಅದು ಬಿಟ್ಟುಹೋದ ಬಿಸಿಲನ್ನು ಯಾವ ಗಾಡಿಯಲ್ಲಿ ಸಾಗಿಸುವುದು? ಬೆಳಗಿನ ರೈಲಿಗೆ ಸೊಪ್ಪು, ಹೂವು, ತರಕಾರಿ ಹೊತ್ತು ಹೋಗುವವರು, ಮಧ್ಯಾಹ್ನದ ರೈಲಿಳಿದು ಬರಿಗಾಲಲ್ಲಿ ಹಿಂದಿರುಗುವವರು, ಎಲ್ಲರೂ ಆ ಜಾಗಕ್ಕೆ ಬಂದಾಗ ಹಳೆಯ ಅಭ್ಯಾಸದಿಂದ ಹೆಜ್ಜೆಯನ್ನು ನಿಧಾನ ಮಾಡುತ್ತಿದ್ದರು. ನೆರಳಿಲ್ಲವೆಂಬುದು ನೆನಪಾಗಿ ಮತ್ತೆ ಬಿರುಸಾಗಿ ನಡೆಯುತ್ತಿದ್ದರು.

ಆ ಹುಣಸೆಯ ಅಡಿಯಲ್ಲಿ ಸೊಣ್ಣಮ್ಮನ ಅರವಟ್ಟಿಗೆ ನಡೆಯುತ್ತಿತ್ತು. ರಾಮನವಮಿಯಿಂದ ಮುಂಗಾರು ಹಿಡಿಯುವ ತನಕ ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಕೆಲಸ. ತೊಡಗಿಸಿದವಳು ಆಕೆಯ ಅತ್ತೆ. ಅತ್ತೆ ಕಣ್ಣು ಮುಚ್ಚಿದ ಮೇಲೆ ಸೌಟು ಸೊಸೆಯ ಕೈಗೆ ಬಂತು. ಮರ ಹೋದ ಮೇಲೂ ಸೊಣ್ಣಮ್ಮ ಆ ಕೆಲಸವನ್ನು ಬಿಡಲಿಲ್ಲ. ತೆಂಗಿನ ಗರಿಯ ಚಪ್ಪರ ಹಾಕಿಸಿದಳು. ಪ್ರತಿ ವರ್ಷವೂ ಗಾಳಿ ಆ ಚಪ್ಪರವನ್ನು ಎತ್ತಿಕೊಂಡು ಹೋಗಿ ಯಾರದೋ ಹಿತ್ತಲಿಗೆ ಎಸೆಯುತ್ತಿತ್ತು. ಗುಡಾಣದ ನೀರು ಮಧ್ಯಾಹ್ನಕ್ಕೆ ಸ್ನಾನದ ನೀರಾಗುತ್ತಿತ್ತು. ತಲೆಯ ಮೇಲೆ ಹೊರೆ ಹೊತ್ತವರು ಆ ಉರಿಯಲ್ಲಿ ನಿಲ್ಲಲಾರದೆ, ಕೈಯಿಂದಲೇ ಬೇಡವೆಂದು ಹೇಳಿ ಹೋಗುತ್ತಿದ್ದರು. ಕೊಡುವವಳು ಕೊಡಲು ನಿಂತು, ಕುಡಿಯುವವರು ನಿಲ್ಲದೆ ಹೋದರೆ ಆ ಸೌಟಿನ ಭಾರ ಎಷ್ಟೆಂಬುದು ಸೊಣ್ಣಮ್ಮನಿಗೇ ಗೊತ್ತು.

ಹುಣಸೆಯಿದ್ದ ಜಾಗದೆದುರೇ ಆಕೆಯ ಮನೆ. ವನಮಹೋತ್ಸವದ ಮಳೆಗಾಲದಲ್ಲಿ ಪುರಸಭೆಯವರು ಸ್ಟೇಷನ್ ರಸ್ತೆಯುದ್ದಕ್ಕೂ ಹೊಂಗೆಯ ಸಸಿ ನೆಡಿಸಿದಾಗ ಒಂದು ಸಸಿ ಆ ಮನೆಯ ಮುಂದಕ್ಕೂ ಬಂತು. ಸಸಿ ಪುರಸಭೆಯದು, ಆರೈಕೆ ಮನೆಯವರದು ಎಂಬುದು ಏರ್ಪಾಡು. ಸಸಿಯನ್ನು ಕೈಗಾಡಿಯಲ್ಲಿ ತಂದವನು ಪುರಸಭೆಯ ಗಿಡದ ಮೇಸ್ತ್ರಿ ದಸ್ತಗೀರ್. ಸೊಣ್ಣಮ್ಮನ ಗಂಡ ಬ್ಯಾಟರಾಯಪ್ಪ ಕಲ್ಲು ಕೆಲಸದವನು. ಇಬ್ಬರೂ ಅಲ್ಲಾಳಸಂದ್ರದ ಕೆರೆಯಲ್ಲಿ ಒಟ್ಟಿಗೆ ಈಜು ಕಲಿತವರು. ಮೊದಲು ಮುಳುಗಿದವನು ಯಾರು, ಎಳೆದು ದಡಕ್ಕೆ ಹಾಕಿದವನು ಯಾರು ಎಂಬ ವಾದ ಅವರಿಬ್ಬರ ತಲೆ ನರೆತರೂ ತೀರ್ಮಾನವಾಗಿರಲಿಲ್ಲ.

ಸಸಿಯನ್ನು ಮನೆಯ ಗೋಡೆಗೆ ಒತ್ತಿ ನೆಡಬೇಕೆಂದು ಬ್ಯಾಟರಾಯಪ್ಪ ಹಟ ಹಿಡಿದ. ಆಗ ನೆರಳು ತನ್ನ ಜಗಲಿಯ ಮೇಲೆ ಬೀಳುತ್ತದೆಂಬುದು ಅವನ ಲೆಕ್ಕ. ದಸ್ತಗೀರ್ ಅವನ ಮಾತಿಗೆ ಕಿವಿಗೊಡದೆ ಗೋಡೆಯಿಂದಲೂ ಚರಂಡಿಯಿಂದಲೂ ದೂರಕ್ಕೆ, ರಸ್ತೆಯ ಅಂಚಿನಲ್ಲಿ ಗುರುತು ಹಾಕಿದ್ದ ಕಡೆಗೆ ನಡೆದ.

"ಗೋಡೆ ಪಕ್ಕ ನೆಟ್ರೆ ಬೇರು ನಿನ್ನ ಪಾಯಕ್ಕೆ ಕೈ ಹಾಕ್ತದೆ," ಎಂದ ಅವನು. "ಆಮೇಲೆ ಮರ ಕಡೀರಿ ಅಂತ ನಮ್ಮ ಆಫೀಸಿನ ಮುಂದೆ ಮೊದ್ಲು ಬಂದು ಕೂರೋನು ನೀನೇ."

ರಸ್ತೆಯ ಆಚೆಯ ಬದಿಯಲ್ಲಿ ಏಕೆ ದೊಡ್ಡ ಮರದ ಸಸಿ ನೆಡಲಿಲ್ಲವೆಂದು ಸೊಣ್ಣಮ್ಮ ಕೇಳಿದಳು. ದಸ್ತಗೀರ್ ತಲೆ ಎತ್ತಿ ಆ ಬದಿಯಲ್ಲಿ ಹಾದುಹೋಗುವ ಕರೆಂಟಿನ ತಂತಿಯನ್ನು ತೋರಿಸಿದ. ತಂತಿಯ ಕೆಳಗೆ ಬೆಳೆಯುವ ಮರಕ್ಕೆ ಪ್ರತಿ ವರ್ಷವೂ ತಲೆ ಕತ್ತರಿಸಿಕೊಳ್ಳುವ ಹಣೆಬರಹ. ಅಲ್ಲಿಗೆ ಗಿಡ್ಡ ಜಾತಿಯ ಗಿಡಗಳೇ ಸರಿ ಎಂದು ವಿವರಿಸಿದ. ಮಳೆಗೆ ಮುಂಚೆಯೇ ತೋಡಿ ಬಿಸಿಲಿಗೆ ಬಿಟ್ಟಿದ್ದ ಗುಂಡಿಗೆ ಮೇಲ್ಮಣ್ಣನ್ನೂ ಚೆನ್ನಾಗಿ ಕಳಿತ ಗೊಬ್ಬರವನ್ನೂ ಬೆರೆಸಿ ತುಂಬಿದ. ಸಸಿಯ ಪಕ್ಕ ಕೋಲು ನೆಟ್ಟು ಬಾಳೆಯ ನಾರಿನಿಂದ ಸಡಿಲವಾಗಿ ಕಟ್ಟಿದ. ಕಾಂಡ ದಪ್ಪಗಾದಂತೆ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಬೇಕು, ಮರೆತರೆ ಕಟ್ಟೇ ಕತ್ತು ಹಿಸುಕುತ್ತದೆ ಎಂದ. ಸುತ್ತ ಬಿದಿರಿನ ತಡಿಕೆ ನಿಲ್ಲಿಸಿದ. ಮೊದಲ ಎರಡು ಮೂರು ಬೇಸಗೆ ಸಂಜೆಯ ಹೊತ್ತು ಪಾತಿಗೆ ನೀರು ಕೊಡಬೇಕು, ಬಟ್ಟೆ ಒಗೆದ ಸೋಪಿನ ನೀರು ಬೇಡ, ಒಲೆಯ ಬೂದಿ ಕೆಂಡ ಸುರಿಯಬಾರದು, ದನ ಕಟ್ಟಬಾರದು, ಕಾಂಡಕ್ಕೆ ಮೊಳೆ ಹೊಡೆಯಬಾರದು, ಕೊಂಬೆ ಕಡಿಯಬೇಕಾದರೆ ಪುರಸಭೆಯವರನ್ನು ಕೇಳಿಯೇ ಕಡಿಯಬೇಕು. ಹೀಗೆ ಅವನು ಹೇಳುತ್ತ ಹೋದ ಹಾಗೆಲ್ಲ ಬ್ಯಾಟರಾಯಪ್ಪನ ಹುಬ್ಬು ಮೇಲಕ್ಕೇರುತ್ತ ಹೋಯಿತು.

"ನನ್ನ ಮದ್ವೇಲಿ ನಮ್ಮ ಮಾವ ಕೂಡ ಇಷ್ಟು ಬುದ್ಧಿ ಏಳಿರಲಿಲ್ಲ ಕಣೋ ಸಾಬಿ," ಎಂದ.

"ಏಳಿದ್ರೆ ನೀನು ಕೇಳ್ತಿದ್ದೆಯಾ?" ಎಂದ ದಸ್ತಗೀರ್, ಅವನ ಮಾತಿನ ಧಾಟಿಯಲ್ಲೇ.

ಕೇಳಿದವಳು ಸೊಣ್ಣಮ್ಮ. ಸಂಜೆ ದೀಪ ಹಚ್ಚುವ ಮುಂಚೆ ಸಸಿಗೆ ಒಂದು ಬಿಂದಿಗೆ ನೀರು ಎಂಬುದು ಆಕೆಯ ದಿನಚರಿಯಲ್ಲಿ ಸೇರಿಹೋಯಿತು. ಕಟ್ಟು ಬಿಗಿಯಾಗಿದೆಯೇ ಎಂದು ಬೆರಳು ತೂರಿಸಿ ನೋಡುತ್ತಿದ್ದಳು. ಕೊಡಿಗೇಹಳ್ಳಿಯ ಕಡೆಯಿಂದ ದಿನವೂ ಸೊಪ್ಪಿನ ಹೊರೆ ಹೊತ್ತು ರೈಲಿಗೆ ಬರುತ್ತಿದ್ದ ಅಕ್ಕಯ್ಯಮ್ಮ ಎಂಬ ಮುದುಕಿ ಇದನ್ನು ನೋಡಿ, ಸೊಣ್ಣಮ್ಮ ಮಕ್ಕಳಿಗೂ ಇಷ್ಟು ಆರೈಕೆ ಮಾಡಿರಲಿಲ್ಲವೆಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಪಕ್ಕದ ಬೀದಿಯ ಮೇಕೆಗಳು ತಡಿಕೆಯ ಸುತ್ತ ಪ್ರದಕ್ಷಿಣೆ ಹಾಕಿ, ಪ್ರಸಾದ ಸಿಗದ ಭಕ್ತರಂತೆ ಹಿಂದಿರುಗುತ್ತಿದ್ದವು.

ಹೊಂಗೆ ಬೆಳೆಯಿತು. ಮೊದಲು ಸೊಣ್ಣಮ್ಮನ ಸೊಂಟಕ್ಕೆ, ಆಮೇಲೆ ಭುಜಕ್ಕೆ, ಆಮೇಲೆ ಬ್ಯಾಟರಾಯಪ್ಪನ ರುಮಾಲಿಗೆ ಮುಟ್ಟಿತು. ಇನ್ನೊಂದು ಮಳೆಗಾಲ ಕಳೆಯುವಷ್ಟರಲ್ಲಿ ಮನೆಯ ಹೆಂಚಿನ ಮೇಲಕ್ಕೂ ಇಣುಕಿ ನೋಡಿತು. ಅದರ ಕೆಳಗೆ ಚಾಪೆಯಗಲದ ನೆರಳೊಂದು ಬೀಳತೊಡಗಿತು. ಸೊಣ್ಣಮ್ಮ ಆ ನೆರಳಿನಲ್ಲಿ ನಿಂತು, ಗುಡಾಣ ಇಲ್ಲಿ, ಮಜ್ಜಿಗೆಯ ಮಡಕೆ ಅಲ್ಲಿ ಎಂದು ಮನಸ್ಸಿನಲ್ಲೇ ಜೋಡಿಸಿದಳು. ಆ ಸಂಜೆ ಗಂಡನಿಗೆ ಹೇಳಿದಳು:

"ಮುಂದಿನ ರಾಮನವಮಿಗೆ ಅರವಟ್ಟಿಗೆ ಹೊಂಗೆ ಕೆಳಗೆ. ಇನ್ನು ಗರಿ ಕಟ್ಟೋಕೆ, ಗಾಳಿ ಹಿಂದೆ ಓಡೋಕೆ ನನ್ನ ಕೈಲಾಗಲ್ಲ. ಈ ಮರ ಕೈ ಹಿಡೀದಿದ್ರೆ ಅತ್ತೆಮ್ಮನ ಸೌಟು ಅಟ್ಟಕ್ಕೆ ಹಾಕಿಬಿಡ್ತೀನಿ."

ಬ್ಯಾಟರಾಯಪ್ಪ ಮಾತಿನಿಂದ ಪ್ರೀತಿ ತೋರಿಸಿದವನಲ್ಲ. ತೋರಿಸಬೇಕಾದರೆ ಅವನಿಗೆ ಕಲ್ಲು ಬೇಕು. ಅವನ ತಂದೆ ಕದಿರಪ್ಪ ಅಲ್ಲಾಳಸಂದ್ರದ ಕೆರೆಯ ಏರಿಯ ಮೇಲೆ ಅರಳಿಮರಕ್ಕೆ ಕಟ್ಟಿದ ಕಟ್ಟೆ ಸುತ್ತಲ ಹಳ್ಳಿಗಳಿಗೆಲ್ಲ ಹೆಸರಾದದ್ದು. ಊರಿನ ಮಾತುಕತೆ, ಮದುವೆಯ ಸಂಧಾನ, ಕುರಿಯ ವ್ಯಾಪಾರ ಎಲ್ಲವೂ ಅದರ ಮೇಲೆಯೇ. ದೊಡ್ಡವರು ಮರಕ್ಕೆ ಕೊಡಬಹುದಾದ ಅತ್ಯಂತ ದೊಡ್ಡ ಮರ್ಯಾದೆ ಎಂದರೆ ಕಟ್ಟೆ ಎಂಬುದು ಬ್ಯಾಟರಾಯಪ್ಪನ ನಂಬಿಕೆ. ತನ್ನ ಹೆಂಡತಿಯ ಹೊಂಗೆಗೂ ಆ ಮರ್ಯಾದೆ ಸಲ್ಲಬೇಕೆಂದು ಅವನು ನಿಶ್ಚಯಿಸಿದ.

ಅಷ್ಟರಲ್ಲಿ ದಸ್ತಗೀರ್ ಮಗಳ ಮದುವೆಗೆಂದು ಚಿಂತಾಮಣಿಗೆ ಹೋದವನು ಅಲ್ಲೇ ಜ್ವರ ಹಿಡಿದು ತಿಂಗಳುಗಟ್ಟಲೆ ಮಲಗಿಬಿಟ್ಟಿದ್ದ. ಬೇಡವೆನ್ನುವವರು ಊರಿನಲ್ಲಿರಲಿಲ್ಲ. ಕಾರ್ತಿಕ ಮಾಸದಲ್ಲಿ ಬ್ಯಾಟರಾಯಪ್ಪ ಬಿದಿರಿನ ತಡಿಕೆಯನ್ನು ಕಿತ್ತು, ಹೊಂಗೆಯ ಕಾಂಡಕ್ಕೆ ಒಂದೇ ಗೇಣು ಬಿಟ್ಟು ಸೈಜುಗಲ್ಲನ್ನು ಕೂರಿಸತೊಡಗಿದ. ಒಂದೊಂದು ಕಲ್ಲಿನ ಮುಖವನ್ನೂ ಉಳಿಯಿಂದ ನಯಗೊಳಿಸಿದ. ಮೂಲೆಗಳಲ್ಲಿ ಪದ್ಮ ಬಿಡಿಸಿದ. ಮೊಣಕಾಲೆತ್ತರಕ್ಕೆ ಕಲ್ಲು ಬಂದಾಗ ಒಳಗೆ ಮಣ್ಣನ್ನು ಕಾಂಡಕ್ಕೆ ಒತ್ತರಿಸಿ ತುಂಬಿ, ಗುದ್ದಿ ಗಟ್ಟಿಯಾಗಿ ದಮ್ಮಸು ಮಾಡಿದ. ಮೇಲೆ ಚಪ್ಪಡಿ ಹಾಸಿದ. ಅದು ಸಿಮೆಂಟು ಸುಲಭವಾಗಿ ಸಿಗದ ಕಾಲ. ಕೆಲಸ ಮಾಡಿದ ಕಡೆ ಕೇಳಿ ತಂದಿದ್ದ ಅರೆ ಮೂಟೆಯನ್ನು ತನ್ನ ಮನೆಯ ಸೋರುವ ಗೋಡೆಗೆ ಬಳಸದೆ, ಕಟ್ಟೆಯ ಸಂದುಸಂದಿಗೂ ತುಂಬಿ, ಒಂದು ಹನಿ ನೀರೂ ಒಳಕ್ಕೆ ನುಸುಳದ ಹಾಗೆ ನಯವಾಗಿ ತೀಡಿದ. ಕೊನೆಗೆ ಕೆಮ್ಮಣ್ಣು ಸುಣ್ಣದ ಪಟ್ಟೆ.

ಸೊಣ್ಣಮ್ಮ ಕಟ್ಟೆಯ ಸುತ್ತ ಒಂದು ಸುತ್ತು ಬಂದಳು. ಒಂದು ಪದ್ಮದ ಮೇಲೆ ಬೆರಳಾಡಿಸಿದಳು. ಚೆನ್ನಾಗಿದೆ ಎಂದಳು. ಅಷ್ಟೇ ಮಾತು. ಆದರೆ ಆ ದಿನ ಮುದ್ದೆಯ ಜೊತೆಗೆ ಅವರೆಕಾಳಿನ ಸಾರು ಬಿದ್ದಾಗ, ತನ್ನ ಕೆಲಸ ಒಪ್ಪಿಗೆಯಾಗಿದೆಯೆಂದು ಬ್ಯಾಟರಾಯಪ್ಪನಿಗೆ ತಿಳಿಯಿತು.

ಮಾಘದಲ್ಲಿ ರಸ್ತೆಯ ಹೊಂಗೆಗಳೆಲ್ಲ ಎಲೆ ಉದುರಿಸಿದವು. ಅವು ಉದುರಿಸುವ ಕಾಲವೇ ಅದು. ಆದರೆ ಶಿವರಾತ್ರಿ ಕಳೆಯುತ್ತಿದ್ದಂತೆ ಉಳಿದ ಮರಗಳ ಮೈಮೇಲೆ ಎಳೆಯ ಹಸಿರು ನೀರಿನಂತೆ ಹರಡಿಕೊಂಡಿತು. ಸೊಣ್ಣಮ್ಮನ ಮರ ಮಾತ್ರ ಬರಿಗೈಯಲ್ಲಿ ನಿಂತೇ ಇತ್ತು. ತುದಿಯ ರೆಂಬೆಗಳು ಮುರಿದರೆ ಒಣಗಿದ ಕಡ್ಡಿಯ ಸದ್ದು ಬರುತ್ತಿತ್ತು. ಆಕೆ ದಿನವೂ ನೀರು ಹೊಯ್ದಳು. ಹೊಯ್ದ ನೀರು ಚಪ್ಪಡಿಯ ಮೇಲೆ ಹೊಳೆದು ರಸ್ತೆಗಿಳಿದು ಹೋಗುತ್ತಿತ್ತು. ಕೆಲವು ಮರ ನಿಧಾನಸ್ಥ ಎಂದು ಬ್ಯಾಟರಾಯಪ್ಪ ಸಮಾಧಾನ ಹೇಳುತ್ತಿದ್ದ. ಯಾರದೋ ಕಣ್ಣು ಬಿದ್ದಿದೆಯೆಂದು ಅಕ್ಕಯ್ಯಮ್ಮ ಒಂದು ಹಳೆಯ ಚಪ್ಪಲಿ ತಂದು ಕೊಂಬೆಗೆ ಕಟ್ಟಿದಳು. ಮರ ಆ ಚಪ್ಪಲಿಗೂ ಒಲಿಯಲಿಲ್ಲ.

ಆಗ ದಸ್ತಗೀರ್ ಊರಿಗೆ ಬಂದ. ಜ್ವರದಿಂದ ಸೊರಗಿದ್ದ ಅವನು ರೈಲಿಳಿದು ನಡೆದು ಬರುತ್ತ, ತಾನು ನೆಟ್ಟ ಹೊಂಗೆಗಳನ್ನು ಮೊಮ್ಮಕ್ಕಳನ್ನು ನೋಡುವಂತೆ ಒಂದೊಂದಾಗಿ ನೋಡಿಕೊಂಡು ಬಂದ. ಸೊಣ್ಣಮ್ಮನ ಮನೆಯ ಮುಂದೆ ಕೈಯ ಗಂಟನ್ನು ಕೆಳಗಿಟ್ಟು ನಿಂತುಬಿಟ್ಟ. ಬಹಳ ಹೊತ್ತು ಕಟ್ಟೆಯನ್ನೇ ನೋಡಿದ. ಬ್ಯಾಟರಾಯಪ್ಪ ಒಳಗಿನಿಂದ ನಗುತ್ತ ಬಂದ, ಹೊಗಳಿಕೆ ಕೇಳುವುದಕ್ಕೆ.

"ಕೆಲಸ ಚೆನ್ನಾಗಿದೆ," ಎಂದ ದಸ್ತಗೀರ್. "ಗೋರಿ ಕೆಲಸಾನೂ ಇಷ್ಟು ಚೆನ್ನಾಗಿ ಯಾರೂ ಮಾಡಲ್ಲ."

ಬ್ಯಾಟರಾಯಪ್ಪನ ನಗು ಮುಖದ ಮೇಲೆಯೇ ಒಣಗಿತು. ದಸ್ತಗೀರ್ ಬಿಡಿಸಿ ಹೇಳಿದ. ಬೇರಿಗೂ ನಮ್ಮ ಹಾಗೆಯೇ ಗಾಳಿ ಬೇಕು, ನೀರು ಬೇಕು. ಕಾಂಡ ನೆಲದಿಂದ ಹೊರಗೆ ಬರುವ ಜಾಗದಲ್ಲಿ ಮಣ್ಣು ಏರಿಸಿದರೆ ತೊಗಟೆ ಕೊಳೆಯುತ್ತದೆ. ಮೇಲೆ ಸಿಮೆಂಟು ಬಳಿದರೆ ಮಳೆ ಬಂದರೂ ಮರಕ್ಕೆ ಬರಗಾಲ. ಅದಕ್ಕಾಗಿಯೇ ಬೀದಿಯ ಮರದ ಬುಡದಲ್ಲಿ ಏನನ್ನೂ ಕಟ್ಟಬಾರದು, ಸುತ್ತ ಮಣ್ಣು ತೆರೆದಿರಬೇಕು ಎಂಬ ನಿಯಮ. ಹೀಗೆಂದು ಅವನು ಜಗಲಿಯ ಮೇಲಿದ್ದ ಬಿಂದಿಗೆಯನ್ನೆತ್ತಿ ಕಟ್ಟೆಯ ಮೇಲೆ ಸುರಿದು ತೋರಿಸಿದ. ನೀರು ಚಪ್ಪಡಿಯನ್ನು ತೊಳೆದು, ರಸ್ತೆಗೆ ಹಾರಿ, ಆಗತಾನೆ ಬರುತ್ತಿದ್ದ ಅಕ್ಕಯ್ಯಮ್ಮನ ಕಾಲು ತೋಯಿಸಿತು.

"ನೋಡ್ದಾ, ಒಂದು ಹನಿ ಒಳಕ್ಕೆ ಇಳೀಲಿಲ್ಲ," ಎಂದ ಬ್ಯಾಟರಾಯಪ್ಪ. ಅವನಿಗೆ ಅದು ತನ್ನ ಕೆಲಸಕ್ಕೆ ಸಿಕ್ಕ ಸರ್ಟಿಫಿಕೇಟಾಗಿ ಕಂಡಿತು.

"ಅದನ್ನೇ ನಾನೂ ಹೇಳ್ತಿರೋದು ಕಣಯ್ಯ."

"ಫ್ಯಾನಿನ ಕೆಳಗೆ ಕೂತೋರು ಮಾಡಿದ ನಿಯಮ ನನಗೆ ಏಳಬೇಡ. ನಮ್ಮಪ್ಪ ಕಟ್ಟಿದ ಅರಳಿಕಟ್ಟೆ ಇಲ್ವಾ? ಆ ಮರ ಸತ್ತೋಯ್ತಾ?"

ಅರಳಿ, ಆಲ ಕಲ್ಲಿನ ಗೋಡೆಯಲ್ಲೂ ಬೇರು ಬಿಡುವ ಜಾತಿ, ಹೊಂಗೆಯ ಸ್ವಭಾವ ಬೇರೆ ಎಂದು ದಸ್ತಗೀರ್ ಹೇಳಲು ಹೋದ. ಬ್ಯಾಟರಾಯಪ್ಪ ಬೆನ್ನು ತಿರುಗಿಸಿದ್ದ. ಮಾತು ಬೆಳೆದು, ಕೆರೆಯಲ್ಲಿ ಮುಳುಗಿದವನು ಯಾರೆಂಬ ಹಳೆಯ ವಾದವೂ ಎದ್ದು ಬಂತು. ಆದರೆ ಈ ಸಲ ಯಾರೂ ನಗಲಿಲ್ಲ. ಕೊನೆಗೆ ದಸ್ತಗೀರ್ ಗಂಟನ್ನೆತ್ತಿಕೊಂಡು ಸೊಣ್ಣಮ್ಮನ ಕಡೆ ತಿರುಗಿದ.

"ನೋಡು ತಂಗ್ಯವ್ವ, ಆಫೀಸಿಗೆ ಹೋಗಿ ಒಂದು ಮಾತು ಹೇಳಿದ್ರೆ ನಾಳೆ ಆಳು ಬಂದು ಇದನ್ನ ಒಡೀತಾರೆ. ನಾನು ಹೇಳಲ್ಲ. ಇವನ ಕೆಲಸದ ಮೇಲೆ ಬೇರೆಯೋರ ಸುತ್ತಿಗೆ ಬೀಳೋದು ನನ್ನ ಕಣ್ಣಲ್ಲಿ ನೋಡೋಕಾಗಲ್ಲ. ಆದ್ರೆ ಉಗಾದಿ ತನಕ ಹಿಂಗೇ ಬಿಟ್ರೆ ಈ ಮರ ನಿನಗೆ ಉಳಿಯಲ್ಲ."

ಸೊಣ್ಣಮ್ಮನಿಗೆ ಎರಡೂ ಕಡೆ ನೋವು. ಒಂದು ಕಡೆ ಅತ್ತೆಯ ಸೌಟು, ಇನ್ನೊಂದು ಕಡೆ ಗಂಡ ತನ್ನ ಜೀವಮಾನದಲ್ಲಿ ತನಗಾಗಿ ಮಾಡಿದ ಒಂದೇ ಒಂದು ಅಲಂಕಾರ. ಗಂಡನೊಡನೆ ಜಗಳವಾಡಲಿಲ್ಲ; ಆಡಿದ್ದರೆ ಅವನು ಕಟ್ಟೆಗೆ ಇನ್ನೊಂದು ವರಸೆ ಕಲ್ಲು ಏರಿಸುತ್ತಿದ್ದನೇ ಹೊರತು ಇಳಿಸುತ್ತಿರಲಿಲ್ಲ. ಅರವಟ್ಟಿಗೆಯ ಗುಡಾಣ ತೊಳೆಯುವ ಮೊದಲು ಅಲ್ಲಾಳಸಂದ್ರದ ಅರಳಿಕಟ್ಟೆಯ ನಾಗನಿಗೆ ಹಾಲೆರೆಯುವುದು ಆ ಮನೆಯ ಪದ್ಧತಿ. ಈ ಸಲ ತನ್ನೊಂದಿಗೆ ಬರಬೇಕೆಂದು ಗಂಡನನ್ನು ಕರೆದಳು. ತಂದೆಯ ಕಟ್ಟೆ ನೋಡಿ ದಸ್ತಗೀರನ ಬಾಯಿ ಮುಚ್ಚಿಸುವ ಮಾತು ಹುಡುಕಿಕೊಂಡು ಬರಬಹುದೆಂದು ಅವನೂ ಹೊರಟ.

ಕೆರೆಯ ಏರಿಯ ಮೇಲೆ ಬೆಳಗಿನ ಬಿಸಿಲು ಎಳೆಯದಾಗಿತ್ತು. ಅರಳಿಯ ಎಲೆಗಳು ನೀರಿಗೆ ಏನನ್ನೋ ಓದಿ ಹೇಳುತ್ತಿರುವಂತೆ ಅಲುಗುತ್ತಿದ್ದವು. ಕದಿರಪ್ಪನ ಕಟ್ಟೆಯ ನಾಲ್ಕು ಬದಿಗಳಲ್ಲೂ, ನೆಲದಿಂದ ಸ್ವಲ್ಪ ಮೇಲೆ, ಮುಷ್ಟಿ ಹಿಡಿಸುವಷ್ಟು ಒಂದೊಂದು ಕಿಂಡಿ. ಹಾವಿನ ಕಿಂಡಿ ಎಂದು ಊರೆಲ್ಲ ಕರೆಯುತ್ತಿತ್ತು. ಕಟ್ಟೆಯೊಳಗೆ ನಾಗರಹಾವಿದೆ, ಅದರ ಓಡಾಟಕ್ಕೆಂದು ಕದಿರಪ್ಪ ಬಿಟ್ಟದ್ದು ಎಂದು ಎಲ್ಲರ ನಂಬಿಕೆ. ಸ್ಟೇಷನ್ ರಸ್ತೆಯ ಗದ್ದಲಕ್ಕೆ ಯಾವ ಹಾವು ಬಂದೀತೆಂದು ಮಗ ತನ್ನ ಕಟ್ಟೆಗೆ ಕಿಂಡಿ ಬಿಟ್ಟಿರಲಿಲ್ಲ.

ಸೊಣ್ಣಮ್ಮ ಕಿಂಡಿಯಲ್ಲಿ ಹಾಲೆರೆದಳು. ಆಮೇಲೆ, ಯಾವ ವರ್ಷವೂ ಮಾಡದ ಕೆಲಸವೊಂದನ್ನು ಮಾಡಿದಳು. ಕೆರೆಯಿಂದ ಒಂದು ಬಿಂದಿಗೆ ನೀರು ತಂದು ಅದೇ ಕಿಂಡಿಗೆ ಹೊಯ್ದಳು. ಇನ್ನೊಂದು ತಂದು ಹೊಯ್ದಳು. ಒಂದು ತೊಟ್ಟೂ ಹೊರಗೆ ಬರಲಿಲ್ಲ.

"ಇಷ್ಟು ವರ್ಷ ನಾನು ಇಲ್ಲಿ ಸುರಿದಿದ್ದೆಲ್ಲ ಎಲ್ಲಿಗೆ ಓಯ್ತು ಅಂತ ಯೋಚನೆ ಮಾಡಿರಲಿಲ್ಲ," ಎಂದಳು. "ನೀವು ಕಲ್ಲು ಬಲ್ಲೋರು. ನೀವೇ ನೋಡಿ ಹೇಳಿ."

ಬ್ಯಾಟರಾಯಪ್ಪ ರುಮಾಲು ತೆಗೆದಿಟ್ಟು ಮಂಡಿಯೂರಿದ. ಮೊದಲು ಕಿಂಡಿಯ ಬಾಯಿಗೆ ಬೆರಳು ಹಾಕಿದ, ಆಮೇಲೆ ಮೊಣಕೈವರೆಗೂ ತೂರಿಸಿದ. ಅವನ ಮುಖದ ಮೇಲೆ ಒಂದು ಬದಲಾವಣೆ ನಿಧಾನವಾಗಿ ಬಂತು. ಎದ್ದು ಎರಡನೆಯ ಕಿಂಡಿಗೆ ಹೋದ, ಮೂರನೆಯದಕ್ಕೆ ಹೋದ. ಹೊರಮೈಯ ಕಲ್ಲುಗಳ ಸಂದಿಗಳನ್ನು ಉಗುರಿನಿಂದ ಕೆರೆದು ನೋಡಿದ. ಎಲ್ಲಿಯೂ ಗಾರೆ ಇರಲಿಲ್ಲ, ಬರಿಯ ಕಲ್ಲು ಕಲ್ಲನ್ನು ಹಿಡಿದಿತ್ತು. ಕಟ್ಟೆಯ ಮೇಲೆ ಹತ್ತಿ ನೋಡಿದ. ಮರದ ಬುಡದ ಸುತ್ತ ಎರಡು ಮಾರು ಜಾಗಕ್ಕೆ ಅವನ ತಂದೆ ಚಪ್ಪಡಿಯನ್ನೇ ಹಾಸಿರಲಿಲ್ಲ. ಅಲ್ಲಿ ಮಣ್ಣು ಸಡಿಲವಾಗಿ, ತಂಪಾಗಿ, ಕಪ್ಪಗೆ ಬಿದ್ದುಕೊಂಡಿತ್ತು. ಚಿಕ್ಕಂದಿನಿಂದ ಆ ಮಣ್ಣಿನ ಮೇಲೆ ಗೋಲಿಯಾಡಿದವನು, ಅದು ಅಲ್ಲಿ ಏಕಿದೆಯೆಂದು ಒಂದು ದಿನವೂ ಕೇಳಿರಲಿಲ್ಲ.

ಕೆಳಗಿಳಿದು ಬಂದು ಹೆಂಡತಿಯ ಪಕ್ಕದಲ್ಲಿ ಕೂತ.

"ಕಿಂಡಿ ಒಳಮುಖಕ್ಕೆ ಇಳಿಜಾರು," ಎಂದ. "ನಾಲ್ಕೂ ಅಂಗೇ. ಮಳೆ ನೀರು ಹೊರಗಿಂದ ಒಳಕ್ಕೆ ಓಗೋ ಅಂಗೆ ನಮ್ಮಪ್ಪ ಕೆತ್ತವ್ನೆ. ಹಾವಿಗೆ ಇಳಿಜಾರು ಯಾಕೆ ಬೇಕು?"

ಆ ಪ್ರಶ್ನೆಗೆ ಉತ್ತರವನ್ನೂ ಅವನೇ ಹೇಳಿದ:

"ನೀರಿಗೆ ಬಿಟ್ಟಿದ್ದೀನಿ ಅಂದಿದ್ರೆ ಊರೋರು ಕಸ ತುಂಬ್ತಿದ್ರು. ಹಾವಿದೆ ಅಂದ. ಯಾರೂ ಮುಟ್ಟಲಿಲ್ಲ." ತೆಗೆದಿಟ್ಟಿದ್ದ ರುಮಾಲನ್ನು ಮತ್ತೆ ಸುತ್ತಿಕೊಳ್ಳುತ್ತ, "ಮಗನಿಗಾದ್ರೂ ನಿಜ ಏಳಬಹುದಿತ್ತು ಮುದುಕ," ಎಂದ.

"ನೀವು ಕೇಳ್ತಿದ್ರಾ?" ಎಂದಳು ಸೊಣ್ಣಮ್ಮ. ಅದೇ ಪ್ರಶ್ನೆಯನ್ನು ಹಿಂದೊಮ್ಮೆ ದಸ್ತಗೀರನೂ ಕೇಳಿದ್ದ. ಈ ಸಲ ಬ್ಯಾಟರಾಯಪ್ಪನಿಗೆ ನಗು ಬಂತು.

ಹಿಂದಿರುಗುವಾಗ ಅವನು ನೇರವಾಗಿ ದಸ್ತಗೀರನ ಮನೆಗೆ ನಡೆದ. ಬಾಗಿಲಲ್ಲಿ ನಿಂತು ಕ್ಷಮೆ ಕೇಳಲಿಲ್ಲ. ಅವರ ಸ್ನೇಹದಲ್ಲಿ ಆ ಮಾತಿಗೆ ಜಾಗವಿರಲಿಲ್ಲ. ಹಾರೆ ತೆಗೆದುಕೊಂಡು ಬಾ, ಕೆರೆಯಲ್ಲಿ ಮುಳುಗಿದವನು ನಾನೇ ಎಂದು ಒಪ್ಪಿಕೊಂಡಿದ್ದೇನೆ ಎಂದ. ದಸ್ತಗೀರ್ ಅರ್ಧ ಕುಡಿದ ಟೀ ಲೋಟವನ್ನು ಅಲ್ಲೇ ಇಟ್ಟು ಎದ್ದ.

ಮೊದಲ ಪೆಟ್ಟನ್ನು ಬ್ಯಾಟರಾಯಪ್ಪನೇ ಹಾಕಿದ. ತಾನೇ ತೀಡಿದ ಸಿಮೆಂಟು ತನ್ನದೇ ಸುತ್ತಿಗೆಗೆ ಸುಲಭವಾಗಿ ಬಿಡಲಿಲ್ಲ. ಪದ್ಮದ ಕಲ್ಲುಗಳನ್ನು ಒಡೆಯದೆ ಬಿಡಿಸಿ ಜಗಲಿಯ ಮೇಲಿಟ್ಟ. ಚಪ್ಪಡಿ ತೆಗೆದ ಮೇಲೆ ದಸ್ತಗೀರ್ ಗುದ್ದಲಿ ಬಿಟ್ಟು ಕೈಯಿಂದಲೇ ಮಣ್ಣು ತೆಗೆದ. ಹೂತುಹೋಗಿದ್ದ ಕಾಂಡದ ಭಾಗ ಒದ್ದೆಯಾಗಿ, ಮೆತ್ತಗಾಗಿ, ಹುಳಿ ವಾಸನೆ ಬರುತ್ತಿತ್ತು. ಒಂದು ಬದಿಯ ತೊಗಟೆ ಕಪ್ಪಾಗಿತ್ತು. ಇನ್ನೊಂದು ಬದಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದಾಗ ಒಳಗೆ ಒಂದು ಎಳೆ ಹಸಿರು ಕಂಡಿತು. ಮೂವರೂ ಬಗ್ಗಿ ಅದನ್ನು ನೋಡಿದರು. ಉಳಿಯುತ್ತದೆಯೇ ಎಂದು ಸೊಣ್ಣಮ್ಮ ಕೇಳಿದ್ದಕ್ಕೆ ದಸ್ತಗೀರ್ ಭರವಸೆ ಕೊಡಲಿಲ್ಲ. ಮರದ ಮಾತನ್ನು ಮರವೇ ಹೇಳಬೇಕು, ನಾವು ಅದರ ಬಾಯಿಂದ ಕೈ ತೆಗೆದಿದ್ದೇವೆ, ಅಷ್ಟೇ ಎಂದ.

ಮೊದಲಿದ್ದ ನೆಲದ ಮಟ್ಟಕ್ಕೆ ಮಣ್ಣನ್ನು ಇಳಿಸಿದರು. ಕಾಂಡದ ಬುಡವನ್ನು ಗಾಳಿಗೆ ಬಿಟ್ಟು, ಅದರಿಂದ ದೂರಕ್ಕೆ ಅಗಲವಾದ ಪಾತಿ ಮಾಡಿದರು. ಒಣಗಿದ ತುದಿಗಳನ್ನು ಪುರಸಭೆಯ ಒಪ್ಪಿಗೆ ಪಡೆದು ಚೂಪಾದ ಕತ್ತಿಯಿಂದ ಒಂದೇ ಪೆಟ್ಟಿಗೆ ತೆಗೆದರು. ಅಕ್ಕಯ್ಯಮ್ಮ ಕಟ್ಟಿದ್ದ ಚಪ್ಪಲಿಯನ್ನು ಅವಳಿಗೇ ಹಿಂದಿರುಗಿಸಲಾಯಿತು. ಅದರ ಇನ್ನೊಂದು ಕಾಲು ಸಿಗುತ್ತಿಲ್ಲವೆಂದು ಅವಳು ಬಹಳ ದಿನ ದೂರಿದಳು.

ಯುಗಾದಿ ಬಂತು. ಹೊಂಗೆ ಬರಿದಾಗಿಯೇ ಇತ್ತು. ರಾಮನವಮಿಗೆ ಸೊಣ್ಣಮ್ಮ ಸೌಟನ್ನು ಕೈಯಲ್ಲಿ ಹಿಡಿದು ಅಟ್ಟದ ಕಡೆಗೊಮ್ಮೆ, ಬೀದಿಯ ಕಡೆಗೊಮ್ಮೆ ನೋಡುತ್ತಿದ್ದಳು. ಹೊರಗೆ ಸದ್ದಾಯಿತು. ಬ್ಯಾಟರಾಯಪ್ಪ ಮತ್ತು ದಸ್ತಗೀರ್ ತೆಂಗಿನ ಗರಿ ಹೊತ್ತು ತಂದು ಚಪ್ಪರ ಕಟ್ಟುತ್ತಿದ್ದರು. ಕಂಬ ನೆಟ್ಟಿದ್ದ ರೀತಿ ನೋಡಿದರೆ ಈ ಸಲ ಗಾಳಿ ಬಂದರೆ ಮನೆಯೇ ಹೋಗಬೇಕು, ಚಪ್ಪರ ಹೋಗುವಂತಿರಲಿಲ್ಲ. ಮರ ಹೇಳುವ ತನಕ ನಾವು ಮರದ ಕೆಲಸ ಮಾಡುತ್ತೇವೆ ಎಂದ ಗಂಡ. ಸೊಣ್ಣಮ್ಮ ಮಜ್ಜಿಗೆ ಕಡೆಯಲು ಒಳಗೆ ಹೋದಳು.

ಬಿಡಿಸಿಟ್ಟ ಕಲ್ಲುಗಳಿಗೂ ಒಂದು ಕೆಲಸ ಸಿಕ್ಕಿತು. ಮರದ ಪಾತಿಯಿಂದ ದೂರಕ್ಕೆ, ಜನರ ಓಡಾಟಕ್ಕೆ ಅಡ್ಡಿಯಾಗದ ಕಡೆ ಪುರಸಭೆಯವರಿಂದ ಗುರುತು ಹಾಕಿಸಿಕೊಂಡು, ಬ್ಯಾಟರಾಯಪ್ಪ ಎರಡು ಕಂಬ ನಿಲ್ಲಿಸಿ ಮೇಲೊಂದು ಚಪ್ಪಡಿ ಅಡ್ಡ ಇಟ್ಟ. ಅದು ಹೊರೆ ಇಳಿಸುವ ಕಲ್ಲು. ತಲೆಹೊರೆಯವರು ಇನ್ನೊಬ್ಬರ ಸಹಾಯವಿಲ್ಲದೆ ಹೊರೆಯನ್ನು ತಲೆಯಿಂದ ನೇರವಾಗಿ ಅದರ ಮೇಲೆ ಜಾರಿಸಿ, ನೀರು ಕುಡಿದು, ಮತ್ತೆ ತಲೆಗೇರಿಸಿಕೊಳ್ಳಬಹುದು. ಎತ್ತರ ಸರಿಯಾಗಬೇಕೆಂದು ಅಕ್ಕಯ್ಯಮ್ಮನನ್ನೇ ನಿಲ್ಲಿಸಿ ಅಳತೆ ತೆಗೆದುಕೊಂಡ. ಪದ್ಮದ ಕಲ್ಲು ಅವಳು ನಿಲ್ಲುವ ಕಡೆಗೇ ಮುಖ ಮಾಡಿ ಕೂತಿತು. ಆ ಬೇಸಗೆಯಲ್ಲಿ ಯಾರೂ ಕೈಯಾಡಿಸಿ ಮುಂದೆ ಹೋಗಲಿಲ್ಲ. ಹೊರೆಯಿಳಿಸಲು ನಿಂತವರು ನೀರಿಗೂ ನಿಂತರು.

ಮಾವಿನ ಕಾಲದ ಮೊದಲ ಮಳೆ ಒಂದು ಸಂಜೆ ಧೂಳಿನ ವಾಸನೆಯೊಂದಿಗೆ ಬಂದು ಹೋಯಿತು. ಪಾತಿಯಲ್ಲಿ ನಿಂತ ನೀರು ನೋಡುತ್ತಿದ್ದಂತೆ ಮಣ್ಣಿಗಿಳಿಯಿತು. ಅದಾದ ಕೆಲವು ದಿನಕ್ಕೆ, ಬೆಳಗಿನ ರೈಲಿಗೆ ಹೋಗುತ್ತಿದ್ದ ಅಕ್ಕಯ್ಯಮ್ಮ ಹೊರೆಯಿಳಿಸಿ ಸೊಂಟ ನೇರ ಮಾಡುತ್ತ ಮೇಲೆ ನೋಡಿದವಳು ಹಾಗೆಯೇ ನಿಂತಳು.

"ಸೊಣ್ಣಮ್ಮ, ಬಾರಮ್ಮಿ ಇಲ್ಲಿ. ನನ್ನ ಕಣ್ಣು ಮಂಜು, ನೀನೇ ನೋಡು. ಅದು ಚಿಗುರಾ, ಇಲ್ಲ ಗಿಣಿಮರಿ ಕೂತದಾ?"

ಚಿಗುರೇ ಆಗಿತ್ತು. ಹಸಿರು ಕಂಡಿದ್ದ ಆ ಬದಿಯಿಂದಲೇ, ಎಣ್ಣೆ ಹಚ್ಚಿದಂತೆ ಮಿರುಗುವ ಎಲೆಗಳ ಒಂದು ಪುಟ್ಟ ಗೊಂಚಲು. ಸೊಣ್ಣಮ್ಮ ಸೌಟು ಹಿಡಿದೇ ಓಡಿಬಂದಿದ್ದಳು. ಅದರಿಂದ ಮಜ್ಜಿಗೆ ತೊಟ್ಟಿಕ್ಕುತ್ತಿರುವುದು ಆಕೆಗೆ ಗೊತ್ತಾಗಲಿಲ್ಲ. ಅಕ್ಕಯ್ಯಮ್ಮ ಆ ದಿನದ ರೈಲು ತಪ್ಪಿಸಿಕೊಂಡು, ಸೊಪ್ಪನ್ನೆಲ್ಲ ಪೇಟೆಯಲ್ಲೇ ಮಾರಿ, ದಾರಿಯಲ್ಲಿ ಸಿಕ್ಕವರಿಗೆಲ್ಲ ಸುದ್ದಿ ಹಂಚಿದಳು.

ಈಗ ಸೊಣ್ಣಮ್ಮನ ಅರವಟ್ಟಿಗೆ ಹೊಂಗೆಯ ನೆರಳಿನಲ್ಲೇ ನಡೆಯುತ್ತಿದೆ. ಮರ ಒಂದು ಬದಿಗೆ ಸ್ವಲ್ಪ ವಾಲಿದೆ. ಕಪ್ಪಾದ ತೊಗಟೆಯ ಗುರುತು ಬುಡದಲ್ಲಿ ಹಾಗೆಯೇ ಇದೆ, ಮರವೂ ಅದನ್ನು ಮರೆತಂತಿಲ್ಲ. ಬಾಗಲೂರಿನಿಂದ ಒಬ್ಬರು ಬಂದು ತಮ್ಮ ಬೀದಿಯ ಮರಕ್ಕೆ ಒಂದು ಕಟ್ಟೆ ಬೇಕೆಂದು ಬ್ಯಾಟರಾಯಪ್ಪನನ್ನು ಕೇಳಿದರಂತೆ. ಮರಕ್ಕೆ ಬೇಡ, ಹೊರೆ ಹೊತ್ತವರಿಗೊಂದು ಕಲ್ಲು ನಿಲ್ಲಿಸಿಕೊಡುತ್ತೇನೆ ಎಂದು ಅವನು ಹೇಳಿ ಕಳಿಸಿದ.

ಓದುವ ಮಹನೀಯರೇ, ಓದಿಸಿ ಕೇಳುವ ತಾಯಂದಿರೇ, ನಿಮ್ಮ ಬೀದಿಯ ಮರ ನಿಮ್ಮ ಮನೆಯ ಮುಂದಿದ್ದರೂ ಅದು ದಾರಿಯಲ್ಲಿ ಹೋಗುವವರೆಲ್ಲರ ಮರ. ಗುರುತು ಹಾಕಿದ ಕಡೆಯೇ ನೆಡಿರಿ. ಗೋಡೆ, ಚರಂಡಿ, ತಂತಿಗಳಿಂದ ದೂರವಿಡಿರಿ. ಮೊದಲ ಬೇಸಗೆಗಳಲ್ಲಿ ಸಂಜೆ ಒಂದು ಬಿಂದಿಗೆ ನೀರು ಮರೆಯಬೇಡಿ. ಮೊಳೆ, ಹಗ್ಗ, ಬೆಂಕಿ ಅದರ ಹತ್ತಿರ ಸುಳಿಯದಿರಲಿ, ಕೊಡಲಿ ಎತ್ತುವ ಮೊದಲು ಪುರಸಭೆಯವರನ್ನು ಕೇಳಿ. ಪ್ರೀತಿಯಿಂದಲೇ ಆದರೂ ಬುಡಕ್ಕೆ ಕಲ್ಲು ಸಿಮೆಂಟು ಹಾಕಬೇಡಿ; ಹಾಕಿದ್ದರೆ ಇಂದೇ ತೆಗೆಯಿರಿ, ಮರ ಇನ್ನೂ ಕಾಯುತ್ತಿರಬಹುದು.

ಯಲಹಂಕದ ಸ್ಟೇಷನ್ ರಸ್ತೆಗೆ ಬಂದರೆ ಒಂದು ಲೋಟ ನೀರು ಕುಡಿದು ಹೋಗಿ. ಅದಕ್ಕೆ ಸೊಣ್ಣಮ್ಮ ಏನನ್ನೂ ಕೇಳುವುದಿಲ್ಲ. ಲೋಟದ ತಳದಲ್ಲಿ ಉಳಿದ ಒಂದು ಗುಟುಕನ್ನು ಮಾತ್ರ ರಸ್ತೆಗೆ ಚೆಲ್ಲಬೇಡಿ ಎನ್ನುತ್ತಾಳೆ. ಎರಡು ಹೆಜ್ಜೆ ನಡೆದರೆ ಅಲ್ಲೇ ಪಾತಿ ಇದೆ, ಬಾಯಿ ತೆರೆದುಕೊಂಡು.